ಪುಸ್ತಕ ಮುಚ್ಚಿದ ಮ್ಯಾಲ

ಚಿರಂಜೀವಿ ಪುಟ್ಟವ್ವಗ ನಿನ್ನ ಅತ್ತಿ ಮಾಡುವ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಹಾಸ್ಟೆಲ್ ಊಟದ ಸುದ್ದಿ, ಕಲಬುರಗಿ ಬಿಸಿಲಿನ ಸುದ್ದಿ ಎಲ್ಲಾ ಓದಿದೆ. ಆದ್ರ ಕಡೀಗಿ ಸಣ್ಣ ಅಕ್ಷರದಾಗ ಬರದಿದ್ಯಲ್ಲ, ಆ ಒಂದು ಮಾತು ಎರಡು ರಾತ್ರಿ ನನಗ ನಿದ್ದಿ ಹತ್ತಗೊಡಲಿಲ್ಲ. "ಓದುವಾಗ ಎಲ್ಲಾ ತಿಳೀತದ ಅತ್ತಿ, ಪುಸ್ತಕ ಮುಚ್ಚಿದ ಕೂಡ್ಲೇ ಏನೂ ಇರಂಗಿಲ್ಲ. ಕೆಮಿಸ್ಟ್ರಿ ನನ್ನ ತಲಿಗಿ ಬರೋದಲ್ಲ ಅನಸ್ತದ."

ಪುಟ್ಟವ್ವ, ಈ ಮಾತು ನನಗ ಹೊಸದಲ್ಲ. 1983ರಾಗ ಅದೇ ಊರಿಗಿ ಬಿಎಸ್ಸಿ ಓದ್ಲಾಕ ಹೋದಾಗ ದಿನಾ ರಾತ್ರಿ ಇದನ್ನೇ ನನಗ ನಾನು ಹೇಳಿಕೊಂತಿದ್ದೆ. ಆ ವರ್ಷ ಕಾಲೇಜು ಯಾಕ ಬಿಟ್ಟೆ ಅನ್ನೋದು ಮನ್ಯಾಗ ಎಲ್ಲಾರಿಗೂ ಗೊತ್ತದ, ಅದನ್ನ ಮತ್ತ ಬರಿಯೋದಿಲ್ಲ. ಗೊತ್ತಿಲ್ಲದ್ದು ಒಂದದ. ನಮ್ಮಪ್ಪನ ಜಡ್ಡಿಗಿಂತ ಎರಡು ತಿಂಗಳ ಮೊದಲೇ ಮನಸ್ಸಿನಾಗ ನಾನು ಬಿಟ್ಟಾಗಿತ್ತು. ನಿಮ್ಮಪ್ಪಗ ಇದನ್ನ ಹೇಳಬ್ಯಾಡ. ಹೇಳೋದಿದ್ರ ನಾನೇ ಹೇಳ್ತೀನಿ.

ಆ ದಿನ ಪ್ರಾಕ್ಟಿಕಲ್ ಇತ್ತು. ಫ್ಲಾಸ್ಕಿನಾಗ ಆಕ್ಸಾಲಿಕ್ ಆಮ್ಲ, ಬ್ಯೂರೆಟ್ ಅನ್ನೋ ಗೆರಿ ಹಾಕಿದ ಗಾಜಿನ ನಳಿಗ್ಯಾಗ ಪರ್ಮಾಂಗನೇಟ್. ಸಲ್ಫ್ಯೂರಿಕ್ ಆಮ್ಲ ಕೂಡಿಸಿ, ಬಿಸಿ ಮಾಡಿ, ಹನಿ ಹನಿ ಬಿಡಬೇಕು. ನೇರಳೆ ಬಣ್ಣ ಬಿದ್ದಂಗ ಮಾಯ ಆಗಬೇಕು. ನನ್ನ ಮೊದಲ ಹನಿ ಬಿತ್ತು, ಬಣ್ಣ ಹೋಗಲಿಲ್ಲ. ಕೆಡಿಸಿದೆ ಅಂತ ತಿಳಕೊಂಡು ಫ್ಲಾಸ್ಕ್ ಸಿಂಕಿನಾಗ ಚೆಲ್ಲಿ, ಬಾಜೂ ನಿಂತಿದ್ದ ಹುಡುಗಿಯ ರೀಡಿಂಗ್ ಬರಕೊಂಡೆ. "ಯಾರಿಗರ ಡೌಟ್ ಅದ ಏನು?" ಅಂತ ಸರ್ ಕೇಳಿದ್ರು. ತಲಿ ತೆಗ್ಗಿಸಿ ನಿಂತೆ. ನನ್ನ ತಲಿ ಇದಕ್ಕ ಆಗೋದಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಅದರ ಕಾರಣ ಗೊತ್ತಾಗಿದ್ದು ನನ್ನ ಮಗ ಪಿಯುಸಿ ಓದುವಾಗ, ಅವನ ಪುಸ್ತಕದಾಗ. ಆ ಕ್ರಿಯೆಯ ವೇಗ ಹೆಚ್ಚಿಸೋದು ಮ್ಯಾಂಗನೀಸ್ ಅಯಾನು, ಮತ್ತ ಆ ಅಯಾನು ಹುಟ್ಟೋದು ಅದೇ ಕ್ರಿಯೆಯೊಳಗ. ಶುರುವಿನಾಗ ಅದು ಇರಂಗಿಲ್ಲ. ಹಿಂಗಾಗಿ ಮೊದಲ ಹನಿಯ ಬಣ್ಣ ಹೋಗ್ಲಾಕ ಎಲ್ಲಾರ ಫ್ಲಾಸ್ಕಿನಾಗೂ ಹೊತ್ತು ಹಿಡಿತದ. ಆಮ್ಯಾಲ ಸರಸರ ಹೋಗ್ತದ. ನಾನು ಅಲ್ಲಾಡಿಸಿಕೋತ ಸ್ವಲ್ಪ ಹೊತ್ತು ನಿಂತಿದ್ರ ಸಾಕಿತ್ತು. ಆ ಪುಟ ಓದಿದ ರಾತ್ರಿ ಮಗ ಮಲಗಿದ ಮ್ಯಾಲೂ ನಾನು ಅಡಗಿಮನಿ ದೀಪ ಆರಿಸಲಿಲ್ಲ.

ನಿನ್ನ ಮಾತಿಗೇ ಬರ್ತೀನಿ. ಮುಚ್ಚಿದ ಕೂಡ್ಲೇ ಹೋಗ್ತದ ಅಂದಿ. ನಾನು ಸಾಲಿ ಶಿಕ್ಷಕರ ತರಬೇತಿ ಟಿಸಿಎಚ್ ಮಾಡುವಾಗ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನಿಯ ಮನಶ್ಶಾಸ್ತ್ರಜ್ಞರ ಬಗ್ಗೆ ಓದಿದ್ದೆವು. ಅರ್ಥವಿಲ್ಲದ ಉಚ್ಚಾರಗಳನ್ನ ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗಿ ಎಷ್ಟು ಮರಿತದ ಅಂತ ತಮ್ಮ ಮರೆವನ್ನೇ ಅಳದು 1885ರಾಗ ಪ್ರಕಟಿಸಿದ್ರು. ಒಂದು ತಾಸಿನೊಳಗ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಅಂಥವರ ತಲಿಯಿಂದಲೂ ಹೋಯ್ತು ಮಗಳೇ. ನಿನ್ನ ತಲಿ ಕೆಟ್ಟದ್ದಲ್ಲ.

ಡಿಗ್ರಿ ಮುಗಿಸದಾಕಿ ನಿನಗ ಓದೋ ರೀತಿ ಹೇಳೋದು ಸರಿ ಏನು ಅಂತ ಪೆನ್ನು ಕೆಳಗಿಟ್ಟು, ಮತ್ತ ತಗೊಂಡೆ. ಸಾಲಿ ಮಕ್ಕಳಿಗಿ ಕಲಿಸಿ ಕಂಡದ್ದಷ್ಟೇ ಬರಿತೀನಿ, ಹಿಡಿಸಿದ್ರ ಮಾಡು. ಪುಸ್ತಕ ಮುಚ್ಚಿದ ಮ್ಯಾಲ ಒಂದು ಖಾಲಿ ಹಾಳಿ ತಗೊಂಡು ನೆನಪಿದ್ದಷ್ಟು ಬರಿ. ಮೂರೇ ಸಾಲು ಬಂದ್ರೂ ಬರಿ. ಆಮ್ಯಾಲ ಪುಸ್ತಕ ತೆರದು, ಬಿಟ್ಟದ್ದನ್ನ ಕೆಂಪು ಪೆನ್ನಿನಾಗ ತುಂಬು. ಮರುದಿನ ಮತ್ತೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ನಾನು ಅದೇ ಪುಟ ಹತ್ತು ಸಲ ಓದತಿದ್ದೆ. ಕಣ್ಣಿಗಿ ಗುರುತು ಹತ್ತಿದ್ದನ್ನೇ ತಿಳೀತು ಅಂತ ನಂಬಿದ್ದೆ.

ಬಿಡಿಸಿದ ಲೆಕ್ಕನೂ ಹಂಗೇ. ಉತ್ತರದ ಮ್ಯಾಲ ಹಾಳಿ ಮುಚ್ಚಿ ನೀನೇ ಬಿಡಿಸು. ಮೋಲ್ ಲೆಕ್ಕಕ್ಕ ನಾನು ಭಾಳ ಅಂಜಿದ್ದೆ. 18 ಗ್ರಾಂ ನೀರಂದ್ರ ಒಂದು ಗುಟುಕು, ಅದು ಒಂದು ಮೋಲ್, ಅದರಾಗ 6.022 × 10²³ ಅಣು ಅಂತ ಅವತ್ತು ಯಾರಾದ್ರೂ ಲೋಟಾ ತೋರಿಸಿ ಹೇಳಿದ್ರ! 36 ಗ್ರಾಂ ನೀರು ಯಾಕ ಎರಡು ಮೋಲ್ ಅಂತ ರೂಮಿನ ಗೆಳತಿಗಿ ನಮ್ಮ ಮಾತಿನಾಗೇ ಹೇಳಿ ನೋಡು. ಇಂಗ್ಲಿಷಿನಾಗ ಬರಿಯೋದು ಆಮ್ಯಾಲಿನ ಕೆಲಸ. ಪ್ರತಿ ಅಂಕಿ ಮುಂದ ಗ್ರಾಂ ಏನು, ಮೋಲ್ ಏನು ಅಂತ ಬರಿಯೋದು ಬಿಡಬ್ಯಾಡ. ರಾತ್ರಿ ಎರಡರ ತನಕ ಕೂಡಬ್ಯಾಡ. ಇಷ್ಟೇ ನನಗ ಗೊತ್ತಿರೋದು.

ಇನ್ನೊಂದು ಹೇಳದಿದ್ರ ನನಗ ಸಮಾಧಾನ ಇಲ್ಲ. ಇಲ್ಲಿ ಬೀದರಿನಾಗ ನಮ್ಮ ಓಣ್ಯಾಗ ಬಿದರಿ ಕೆಲಸ ಮಾಡೋರ ಮನಿ ಅದ. ಕಾಲೇಜು ಬಿಟ್ಟು ಇಪ್ಪತ್ತು ವರ್ಷದ ಮ್ಯಾಲ ಒಂದಿನ ಅಲ್ಲಿ ಕೂತಿದ್ದೆ. ಸತುವಿಗಿ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದ ಹೂದಾನಿ ಇತ್ತು, ಬೂದು ಬಣ್ಣದ್ದು. ಮೈಲುತುತ್ತದ ನೀರು, ಅಂದ್ರ ತಾಮ್ರದ ಲವಣದ ನೀರು ಹಚ್ಚಿದ್ರು, ನೋಡ ನೋಡತಾ ಕರ್ರಗಾಯ್ತು. ಆ ಕಪ್ಪಿನ ಮ್ಯಾಲ ಬಳ್ಳಿ ಕೊರೀಲಾಕ ಗೆರಿ ಎಳದ್ರು. "ಸತು ತಾಮ್ರವನ್ನ ಅದರ ಲವಣದಿಂದ ಹೊರಗ ಹಾಕ್ತದ" ಅಂತ ನನ್ನ ಬಾಯಿಯಿಂದ ತಾನೇ ಬಂತು. ಸಮೀಕರಣನೂ ಬಂತು. ಹೋಗ್ಯಾದ ಅಂತ ನಾನು ಅಷ್ಟು ವರ್ಷ ನಂಬಿದ್ದು ನನ್ನೊಳಗೇ ಇತ್ತು, ಪುಟ್ಟವ್ವ. ಮನಿಗಿ ಬಂದು ಬಾಗಲಾ ಹಾಕ್ಕೊಂಡು ಅತ್ತುಬಿಟ್ಟೆ.

ದಸರಾ ಸೂಟಿಗಿ ಬಾ, ಆ ಮನಿಗಿ ಕರಕೊಂಡು ಹೋಗ್ತೀನಿ. ಬೆಳ್ಳಿ ಕೂರಿಸಿದ ಮ್ಯಾಲ ಕಿಲ್ಲೆದ ಮಣ್ಣು, ನವಸಾಗರ ಕೂಡಿಸಿ ಕಾಸ್ತಾರ. ಸತು ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳಿತದ. ಅದು ಯಾಕ ಅಂತ ನೀನು ನನಗ ಬಿಡಿಸಿ ಹೇಳಬೇಕು. ಬರುವಾಗ ಆ ಹಾಳಿಗಳನ್ನೂ ತಾ, ಎಷ್ಟು ಕೆಂಪಿದ್ರೂ ತಾ.

ಮುಂದಿನ ವಾರ ನಿಮಗ ಪರ್ಮಾಂಗನೇಟ್ ಪ್ರಯೋಗ ಅದ ಅಂತ ಬರದಿ. ಅದರ ಬಣ್ಣ ಗಾಢ, ಬ್ಯೂರೆಟ್ಟಿನಾಗ ಮ್ಯಾಲಿನ ಅಂಚು ನೋಡಿ ರೀಡಿಂಗ್ ಬರಕೋ. ಮೊದಲ ಹನಿ ಬಿದ್ದಾಗ ಚೆಲ್ಲಬ್ಯಾಡ, ಫ್ಲಾಸ್ಕ್ ಅಲ್ಲಾಡಿಸಿಕೋತ ನಿಲ್ಲು. ಎಷ್ಟು ಹೊತ್ತಿಗಿ ಬಣ್ಣ ಹೋಯ್ತು ಅಂತ ನನಗ ಅವತ್ತೇ ಬರಿ.

ನಿನ್ನ ಅತ್ತಿ