ಹೆಣ್ಣುಮಕ್ಕಳ ವಾಚಿನ ಒಳಗೂ ನೋಡಿ

ಮಾನ್ಯ ಸಂಪಾದಕರೇ,

ಮದುವೆ ಸೀಸನ್ ಅಂತ ನಿಮ್ಮ ಪುರವಣಿಯಲ್ಲಿ ದುಬಾರಿ ವಾಚುಗಳದ್ದೇ ಒಂದು ಪುಟ ಬಂದಿತ್ತು. ಗಂಡಸರ ವಾಚಿನ ಕೆಳಗೆ ಆಟೊಮ್ಯಾಟಿಕ್ (ಕೈ ಆಡಿದಂತೆ ತಾನೇ ಚಾವಿ ತುಂಬಿಕೊಳ್ಳುವ ಮಷೀನ್), ಸಫೈರ್ ಗ್ಲಾಸ್, 100 ಮೀಟರ್ ವಾಟರ್ ರೆಸಿಸ್ಟೆಂಟ್ ಎಂದೆಲ್ಲ ವಿವರ ಇತ್ತು. ಹೆಂಗಸರ ವಾಚಿನ ಕೆಳಗೆ ರೋಸ್ ಗೋಲ್ಡ್, ಡಯಲ್ ಸುತ್ತ ಹರಳು, ರೇಷ್ಮೆ ಸೀರೆಗೆ ಒಪ್ಪುತ್ತದೆ ಅಂತ ಇತ್ತು. ಒಳಗೆ ಯಾವ ಮಷೀನ್ ಇದೆ ಎಂದು ಒಂದು ಸಾಲೂ ಇರಲಿಲ್ಲ. ನಾನು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ವಾಚ್ ರಿಪೇರಿ ಮಾಡುವವನು. ಎಚ್‌ಎಂಟಿ ಕಾಲದಿಂದ ಇದೇ ಕೆಲಸ. ಎರಡೂ ಥರದ ವಾಚು ದಿನಾ ಬಿಚ್ಚುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಸಿರುಗುಪ್ಪ ಕಡೆಯ ಒಬ್ಬ ಲೆಕ್ಚರರ್ ಮೇಡಂ ಬಂದಿದ್ದರು. ಸಂಬಳದಲ್ಲಿ ಉಳಿಸಿ, ಲಕ್ಷದ ಮೇಲೆ ಕೊಟ್ಟು ತಗೊಂಡ ಫಾರಿನ್ ವಾಚು. "ಅಣ್ಣಾರೆ, ನಿಂತುಬಿಟ್ಟೈತ್ರಿ. ಇದಕ್ಕೆ ಚಾವಿ ಎಲ್ಲಿ ಕೊಡ್ಬೇಕು?" ಅಂತ ಕೇಳಿದರು. ಹಿಂದಿನ ಮುಚ್ಚಳ ತೆಗೆದೆ. ಒಳಗಿದ್ದದ್ದು ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಸೆಲ್ ಮೇಲೆ ಓಡುವ ಒಂದು ಕ್ವಾರ್ಟ್ಜ್ ಮಷೀನ್. ಕೇಸ್ ದೊಡ್ಡದು, ಮಷೀನ್ ಸಣ್ಣದು. ನಡುವಿನ ಖಾಲಿ ಜಾಗಕ್ಕೆ ಬಿಳಿ ಪ್ಲಾಸ್ಟಿಕ್ ರಿಂಗ್ ತುಂಬಿದ್ದರು. ಹಬ್ಬ, ಮದುವೆಗಷ್ಟೇ ಕಟ್ಟಿಕೊಂಡು ಉಳಿದ ದಿನ ಬಂಗಾರದ ಜೊತೆ ಬೀರುವಿನಲ್ಲಿ ಇಟ್ಟಿದ್ದರಿಂದ, ಮುಗಿದ ಸೆಲ್ ಒಳಗೇ ಸೋರಿತ್ತು. ಸರ್ಕ್ಯೂಟ್ ಮೇಲೆ ಉಪ್ಪಿನಂಥ ಪುಡಿ ಕಟ್ಟಿತ್ತು. ಹೆಚ್ಚು ಕಡಿಮೆ ಅದೇ ದುಡ್ಡಿಗೆ ಗಂಡಸರಿಗೆ ಆಟೊಮ್ಯಾಟಿಕ್ ಸಿಗುತ್ತದೆ ಅಂದಾಗ ಅವರಿಗೆ ಬೇಜಾರಾಯಿತು. ಶೋರೂಮಿನಲ್ಲಿ ಅವರ ಮುಂದೆ ಇಟ್ಟಿದ್ದೇ ಹರಳಿನ ವಾಚುಗಳ ಟ್ರೇ ಅಂತೆ.

ಸೆಲ್ ವಾಚು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಟೈಮ್ ಕರೆಕ್ಟಾಗಿ ತೋರಿಸುವುದರಲ್ಲಿ ಅದೇ ಮುಂದು. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆ ಪಾಸಾದ ಆಟೊಮ್ಯಾಟಿಕ್ ಕೂಡ ದಿನಕ್ಕೆ ನಾಲ್ಕಾರು ಸೆಕೆಂಡ್ ಹಿಂದೆ ಮುಂದೆ ಆಗುತ್ತದೆ. ಆದರೆ ಲಕ್ಷ ಕೊಡುವವರು ಮಷೀನಿನ ಕೈಗೆಲಸಕ್ಕೂ ದುಡ್ಡು ಕೊಡುತ್ತಾರೆ, ಅಲ್ವಾ? ಆ ಕೈಗೆಲಸ ಗಂಡಸರ ವಾಚಿಗೆ ಹೋಗುತ್ತಿದೆ. ಹೆಂಗಸರ ದುಡ್ಡು ಹರಳಿಗೆ ಹೋಗುತ್ತಿದೆ. ಸಣ್ಣ ಕೇಸಿನಲ್ಲಿ ಆಟೊಮ್ಯಾಟಿಕ್ ಕೂರಿಸೋದು ಕಷ್ಟ ಅಂತ ಅಂಗಡಿಯವರು ಹೇಳುತ್ತಾರೆ. ಕಷ್ಟ ನಿಜ, ಆದರೆ ಆಗದ ಕೆಲಸ ಅಲ್ಲ. ರೋಲೆಕ್ಸ್‌ನ ಲೇಡಿ-ಡೇಟ್‌ಜಸ್ಟ್ 28 ಮಿಲಿಮೀಟರ್ ಅಷ್ಟೇ, ಅದರಲ್ಲಿ ಆಟೊಮ್ಯಾಟಿಕ್ಕೇ ಇದೆ. 1929ರಲ್ಲೇ ಸ್ವಿಟ್ಜರ್ಲೆಂಡಿನಲ್ಲಿ ಕ್ಯಾಲಿಬರ್ 101 ಎಂಬ ಚಾವಿ ಮಷೀನ್ ಮಾಡಿದ್ದರು. ತೂಕ ಸುಮಾರು ಒಂದು ಗ್ರಾಂ. 1953ರಲ್ಲಿ ಬ್ರಿಟನ್ ರಾಣಿ ಎಲಿಜಬೆತ್ ಪಟ್ಟಾಭಿಷೇಕದ ದಿನ ಕಟ್ಟಿಕೊಂಡಿದ್ದು ಆ ಮಷೀನಿನ ವಾಚನ್ನೇ.

ಅಸಲಿಗೆ ಕೈಗೆ ವಾಚು ಕಟ್ಟುವುದು ಶುರುವಾಗಿದ್ದೇ ಹೆಣ್ಣುಮಕ್ಕಳಿಂದ. ನೇಪಲ್ಸ್‌ನ ರಾಣಿ ಕ್ಯಾರೊಲಿನ್ 1810ರಲ್ಲಿ ಬ್ರೆಗೆ ಕಂಪನಿಗೆ ಹೇಳಿ ಮಾಡಿಸಿದಳು, 1812ರಲ್ಲಿ ಅದು ತಯಾರಾಯಿತು. 1868ರಲ್ಲಿ ಪಾಟೆಕ್ ಫಿಲಿಪ್ ಕಂಪನಿ ಹಂಗೇರಿಯ ಒಬ್ಬ ಕೌಂಟೆಸ್‌ಗೆ ಮಾಡಿಕೊಟ್ಟಿತು. ಆಗ ಗಂಡಸರು ಜೇಬಿನ ಗಡಿಯಾರ ಬಿಟ್ಟು ಬರುತ್ತಿರಲಿಲ್ಲ, ಕೈಗಡಿಯಾರ ಹೆಂಗಸರ ಒಡವೆ ಅನ್ನುತ್ತಿದ್ದರು. ಮೊದಲ ಮಹಾಯುದ್ಧದ ಕಂದಕದಲ್ಲಿ ನಿಂತು ಜೇಬಿಗೆ ಕೈ ಹಾಕಲು ಪುರುಸೊತ್ತಿಲ್ಲದಾಗ ಅವರೂ ಕೈಗೆ ಕಟ್ಟಿಕೊಂಡರು.

ಇನ್ನು ನೀರಿನ ವಿಷಯ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಪಾತ್ರೆ, ಬಟ್ಟೆ, ಮಗುವಿನ ಸ್ನಾನ, ಹೆಣ್ಣುಮಕ್ಕಳ ಕೈ ದಿನವಿಡೀ ನೀರಿನಲ್ಲೇ ಇರುತ್ತದೆ. ಅವರ ದುಬಾರಿ ವಾಚಿನ ಹಿಂದೆ ಜಾಸ್ತಿ ಕಾಣುವುದು 30 ಮೀಟರ್ ಅಂತ. ಅದನ್ನು ನಂಬಿ ಬಕೆಟ್‌ಗೆ ಕೈ ಹಾಕಬಾರದು, ನಾಲ್ಕು ಹನಿ ಸಿಡಿದರೆ ತಡೆದೀತು ಅಂತಷ್ಟೇ ಅದರ ಅರ್ಥ. ಆಫೀಸಿನ ಎಸಿಯಲ್ಲಿ ಕೂರುವ ಗಂಡಸಿನ ಕೈಯಲ್ಲಿ ಮಾತ್ರ 100 ಮೀಟರ್, 200 ಮೀಟರ್! 1927ರಲ್ಲಿ ಇಂಗ್ಲಿಷ್ ಚಾನೆಲ್‌ನ ಕೊರೆಯುವ ನೀರಿನಲ್ಲಿ 10 ಗಂಟೆಗೂ ಜಾಸ್ತಿ ಈಜಿದ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿಯ ಕೊರಳಲ್ಲಿ ರೋಲೆಕ್ಸ್ ಆಯ್‌ಸ್ಟರ್ ಇತ್ತು. ನೀರಿಗೆ ಜಗ್ಗದ ವಾಚು ಅಂತ ಅದನ್ನು ಜಗತ್ತಿಗೆ ತೋರಿಸಿಕೊಟ್ಟವಳು ಒಬ್ಬ ಹೆಣ್ಣುಮಗಳು.

ಗಂಡಸರೂ ಒಳಗೆ ಏನಿದೆ ಅಂತ ಕೇಳುವುದು ಕಡಿಮೆ. ಗಣಿ ಜೋರಾಗಿದ್ದ ವರ್ಷಗಳಲ್ಲಿ ಚಿನ್ನದ ಬಣ್ಣದ ದೊಡ್ಡ ಡಯಲ್‌ಗಳು ನಮ್ಮ ಊರಲ್ಲಿ ಎಷ್ಟು ಓಡಾಡಿದವು! ಅದಿರಿನ ಕೆಂಪು ಧೂಳು ಕೀ ಸಂದಿಯಲ್ಲಿ ಕೂತು ನನ್ನ ಹತ್ತಿರ ಬರುತ್ತಿದ್ದವು. 2016ರಲ್ಲಿ ಮುಖ್ಯಮಂತ್ರಿಗಳ ಹ್ಯೂಬ್ಲೋ ವಾಚಿನ ಗದ್ದಲ ಆದಾಗ ಅಂಗಡಿಗೆ ಬಂದವರೆಲ್ಲ ಬೆಲೆ ಕೇಳಿದರು, ಅಷ್ಟೇ. ಮದುವೆಯಲ್ಲೂ ಹಾಗೇ. ಅಳಿಯನಿಗೆ ಯಾವ ಬ್ರಾಂಡ್ ಕೊಟ್ಟರೆ ಬೀಗರ ಮುಂದೆ ಮರ್ಯಾದೆ ಅಂತ ಕೇಳಿಕೊಂಡು ಅಪ್ಪಂದಿರು ಬರುತ್ತಾರೆ. ಕೆಲಸಕ್ಕೆ ಹೋಗುವ ಮಗಳಿಗೂ ಒಂದು ಒಳ್ಳೆಯದು ತಗೊಳ್ಳಿ ಅಂದರೆ, ಅವಳಿಗೆ ಬಂಗಾರ ಹಾಕ್ತೀವಲ್ಲ ಅನ್ನುತ್ತಾರೆ. ಸಾಲ ಮಾಡಿ ಅಳಿಯನಿಗೆ ವಾಚು ಕೊಡುವ ಈ ಪದ್ಧತಿ ನಿಲ್ಲಬೇಕು.

ದುಬಾರಿ ವಾಚು ತಗೊಳ್ಳುವ ಹೆಣ್ಣುಮಕ್ಕಳಲ್ಲಿ ನನ್ನ ವಿನಂತಿ: ಮಷೀನ್ ಯಾವುದು, ನೀರು ಎಷ್ಟು ತಡೆಯುತ್ತದೆ, ಸರ್ವಿಸ್ ಬಳ್ಳಾರಿಯಲ್ಲೇ ಆಗುತ್ತಾ ಅಂತ ಕೇಳಿ. 36 ಮಿಲಿಮೀಟರಿನ ಗಂಡಸರ ವಾಚು ಇಷ್ಟವಾದರೆ ಅದನ್ನೇ ತಗೊಳ್ಳಿ, ಚೈನಿನ ಲಿಂಕ್ ತೆಗೆದು ಕೈಗೆ ಕೂರಿಸಬಹುದು. ಸ್ಟೀಲ್ ಚೈನು ಬಂಗಾರದ ಬಳೆಯನ್ನು ತೇಯುತ್ತದೆ, ಹಾಗಾಗಿ ಬಳೆ ಇಲ್ಲದ ಕೈಗೆ ಕಟ್ಟಿ. ಸೆಲ್ ವಾಚು ಬೀರುವಿನಲ್ಲಿ ಇಡುವುದಾದರೆ ಸೆಲ್ ತೆಗೆಸಿ ಇಡಿ. ಸಂಪಾದಕರೇ, ಮುಂದಿನ ಪುರವಣಿಯಲ್ಲಿ ಹೆಂಗಸರ ವಾಚಿನ ಚಿತ್ರದ ಕೆಳಗೂ ಮಷೀನ್ ಯಾವುದು, ಎಷ್ಟು ಮೀಟರ್ ಎಂದು ದಯವಿಟ್ಟು ಹಾಕಿ.

ಇಂತಿ,
ಒಬ್ಬ ವಾಚ್ ರಿಪೇರಿಗಾರ
ಬ್ರೂಸ್‌ಪೇಟೆ, ಬಳ್ಳಾರಿ