ಬಣ್ಣ ಆಮೇಲೆ, ಮೊದಲು ಕೂಗು ಕೇಳು

ಪ್ರೀತಿಯ ಮಂಜು,

ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಜಾಲಿ ಗಿಡದಲ್ಲಿ ಕೂತ ಆ ಮಣ್ಣುಬಣ್ಣದ ಪುಟ್ಟ ಹಕ್ಕಿ ವಾರ್ಬ್ಲರ್ (ಹುಳ ಹಿಡಿದು ತಿನ್ನುವ, ಒಂದನ್ನೊಂದು ತುಂಬಾ ಹೋಲುವ ಸಣ್ಣ ಹಕ್ಕಿಗಳ ಗುಂಪು) ಅನ್ನುವುದರಲ್ಲಿ ಅನುಮಾನವಿಲ್ಲ. ಯಾವ ವಾರ್ಬ್ಲರ್ ಅಂತ ಕೇಳಿದ್ದೀಯ. ಆದರೆ ಅದು ಹೇಗೆ ಕೂಗುತ್ತಿತ್ತು ಅಂತ ನೀನು ಬರೆದೇ ಇಲ್ಲ! ಅದಕ್ಕೇ ಪತ್ರ ಸ್ವಲ್ಪ ಉದ್ದವಾಗುತ್ತದೆ.

ಧಾರವಾಡದಲ್ಲಿ ಸಿಗುವ ವಾರ್ಬ್ಲರ್‌ಗಳಲ್ಲಿ ಹೆಚ್ಚಿನವು ಇಲ್ಲಿ ಪುಣೆಯಲ್ಲೂ ಸಿಗುತ್ತವೆ. ಸೆಪ್ಟೆಂಬರ್ ಸುಮಾರಿಗೆ ಹಿಮಾಲಯ, ಮಧ್ಯ ಏಷ್ಯಾ, ರಷ್ಯಾ ಕಡೆಯಿಂದ ಬರುತ್ತವೆ, ಏಪ್ರಿಲ್ ಹೊತ್ತಿಗೆ ಹೊರಡುತ್ತವೆ. ನಾನು ಬೆಳಿಗ್ಗೆ ಹೋಗುವುದು ಇಲ್ಲಿನ ವೇತಾಳ ಟೇಕಡಿ ಅನ್ನುವ ಗುಡ್ಡಕ್ಕೆ. ಅಲ್ಲಿ ಗ್ಲಿರಿಸಿಡಿಯಾ ಮರಗಳ ತುದಿಯಲ್ಲಿ ಗ್ರೀನಿಶ್ ವಾರ್ಬ್ಲರ್ ಇರುತ್ತದೆ. ಮೇಲೆ ಹಸಿರು, ಕೆಳಗೆ ಮಾಸಲು ಬಿಳಿ, ಕಣ್ಣಿನ ಮೇಲೊಂದು ಉದ್ದ ಹುಬ್ಬು, ರೆಕ್ಕೆಯ ಮೇಲೊಂದು ತೆಳು ಪಟ್ಟಿ. ಹ್ಯೂಮ್ಸ್ ವಾರ್ಬ್ಲರ್‌ಗೆ ಇಂಥ ಪಟ್ಟಿ ಎರಡು ಅನ್ನುತ್ತಾರೆ. ನಿಜವೇ. ಆದರೆ ಗರಿ ಸವೆದರೆ ಪಟ್ಟಿ ಮಾಸಿಹೋಗುತ್ತದೆ. ಎಲೆಯ ನೆರಳಲ್ಲಿ ಬೂದು ಹಕ್ಕಿಯೂ ಹಸಿರಾಗಿ ಕಾಣುತ್ತದೆ. ಬಣ್ಣವನ್ನೇ ನಂಬಿ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ.

ದನಿ ಹಾಗಲ್ಲ. ಗ್ರೀನಿಶ್ 'ಚಿಸ್-ವೀ' ಅಂತ ಎರಡು ತುಂಡಾಗಿ, ಚುರುಕಾಗಿ ಕೂಗುತ್ತದೆ. ಚಳಿಗಾಲದಲ್ಲೂ ಅದು ತನ್ನ ಮರಗಳನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಅದಕ್ಕೇ ದಿನವಿಡೀ ಕೂಗುತ್ತಿರುತ್ತದೆ. ನಮಗೆ ಅದೇ ಅನುಕೂಲ, ಅಲ್ವಾ? ಪೊದೆಯೊಳಗಿಂದ ಬಿಟ್ಟು ಬಿಟ್ಟು 'ಚೆಕ್... ಚೆಕ್' ಅಂತ ಯಾರೋ ಲೊಚಗುಟ್ಟಿದ ಹಾಗೆ ಕೇಳಿದರೆ ಬ್ಲಿತ್ಸ್ ರೀಡ್ ವಾರ್ಬ್ಲರ್ ಇರಬಹುದು ಅಂತ ಹುಡುಕಲು ಶುರುಮಾಡು. ಹೆಸರಲ್ಲಿ 'ರೀಡ್' ಇದ್ದರೂ ಅದು ಜೊಂಡಿಗಿಂತ ಒಣ ಪೊದೆ, ತೋಟ, ಬೇಲಿಗಳಲ್ಲೇ ಜಾಸ್ತಿ. ಜೊಂಡಿನಲ್ಲಿ ಅದರಂಥದ್ದೇ ಹಕ್ಕಿ ಕಂಡರೆ ಪ್ಯಾಡಿಫೀಲ್ಡ್ ವಾರ್ಬ್ಲರ್ ಇರಬಹುದೇ ಅಂತಲೂ ನೋಡು. ಅದರ ಕೊಕ್ಕು ಗಿಡ್ಡ, ಹುಬ್ಬು ಎದ್ದು ಕಾಣುತ್ತದೆ.

ದನಿಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ಗ್ರೀನಿಶ್ ವಾರ್ಬ್ಲರ್ ಸಂತತಿ ಹಿಮಾಲಯದಿಂದ ಟಿಬೆಟ್ ಪ್ರಸ್ಥಭೂಮಿಯ ಎರಡೂ ಬದಿಗೆ ಹಬ್ಬುತ್ತಾ ಉತ್ತರದ ಸೈಬೀರಿಯಾ ತನಕ ಹೋಗಿದೆ. ದಾರಿಯುದ್ದಕ್ಕೂ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಬಂದಿದೆ. ಪಶ್ಚಿಮದಿಂದ ಬಂದವು, ಪೂರ್ವದಿಂದ ಬಂದವು ಸೈಬೀರಿಯಾದಲ್ಲಿ ಎದುರಾದಾಗ ಒಂದರ ಹಾಡನ್ನು ಇನ್ನೊಂದು ತನ್ನವರ ಹಾಡು ಅಂತ ಪರಿಗಣಿಸುವುದೇ ಇಲ್ಲ. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಬರೆದರು. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಅಂದರೆ ಆ ಹಕ್ಕಿಗಳಿಗೇ ದನಿ ಅಷ್ಟು ಮುಖ್ಯ. ನಾವು ಫೋಟೋದಲ್ಲಿ ಗರಿ ಎಣಿಸುತ್ತಾ ಕೂತಿರುತ್ತೇವೆ!

ದನಿಯ ನಂತರ ನಡವಳಿಕೆ. ಟೇಕಡಿಯ ಹಳೇ ಕಲ್ಲು ಕ್ವಾರಿಯಂಥ ಜಾಗದಲ್ಲಿ ಗ್ರೀನಿಶ್‌ನ ಬಳಗದ 'ಎಲೆ ವಾರ್ಬ್ಲರ್' (ಲೀಫ್ ವಾರ್ಬ್ಲರ್) ಒಂದು ಬಂಡೆಯ ಮೇಲೆ, ಮರದ ಕಾಂಡದ ಮೇಲೆ ತೆವಳಿದಂತೆ ಓಡಾಡಿದರೆ ಅದು ಸಲ್ಫರ್-ಬೆಲ್ಲೀಡ್ ವಾರ್ಬ್ಲರ್ ಇರಬಹುದು. ಅದರ ಹುಬ್ಬು ಒಳ್ಳೆ ಹಳದಿ, ರೆಕ್ಕೆಯಲ್ಲಿ ಪಟ್ಟಿಯಿಲ್ಲ. ನನಗೆ ತುಂಬಾ ಇಷ್ಟದ ಹಕ್ಕಿ ಅದು.

ಈಗ ನಿನ್ನ ಹಕ್ಕಿ. ಬಾಲದ ತುದಿ ನೇರವಾಗಿದೆ, ಅಂಚಿನ ಗರಿ ಬಿಳಿಚಿಕೊಂಡಿದೆ. ಬಾಲದ ಬುಡದ ಕೆಳಗಿನ ಗರಿಗಳು ಗಿಡ್ಡ. ಬ್ಲಿತ್ಸ್ ಆಗಿದ್ದರೆ ಬಾಲದ ತುದಿ ದುಂಡಗಿರಬೇಕು, ಆ ಕೆಳಗಿನ ಗರಿಗಳು ಉದ್ದ ಇರಬೇಕು. ಹಾಗಾಗಿ ಬ್ಲಿತ್ಸ್ ಬಿಡು. ಉಳಿದದ್ದು ಬೂಟೆಡ್ ವಾರ್ಬ್ಲರ್ ಅಥವಾ ಸೈಕ್ಸ್ ವಾರ್ಬ್ಲರ್. ಇವೆರಡೇ ನಿಜವಾದ ಕಷ್ಟ, ಯಾಕೆಂದರೆ ಇವುಗಳ ಕೂಗೂ ಹತ್ತಿರ ಹತ್ತಿರ. ಸೈಕ್ಸ್‌ಗೆ ಕೊಕ್ಕು ಉದ್ದ, ಬಾಲವೂ ಉದ್ದ, ಮುಖ ಸಪ್ಪೆ. ಬೂಟೆಡ್‌ಗೆ ಕೊಕ್ಕು ಚಿಕ್ಕದು, ಕೆಳಕೊಕ್ಕಿನ ತುದಿ ಕಪ್ಪು, ಹುಬ್ಬಿನ ಮೇಲಂಚಿಗೆ ಸಣ್ಣ ಕಪ್ಪು ಗೆರೆ. ನಿನ್ನ ಫೋಟೋದಲ್ಲಿ ಕೊಕ್ಕಿನ ಮೇಲೆ ಬಿಸಿಲು ಬಿದ್ದಿದೆ, ತುದಿ ಕಾಣುವುದಿಲ್ಲ. ಮುಖ ನೋಡಿದರೆ ಬೂಟೆಡ್ ಅನ್ನಿಸುತ್ತದೆ. ಆದರೆ ನೀನು 'ಬೂಟೆಡ್ ಅಥವಾ ಸೈಕ್ಸ್' ಅಂತಲೇ ಬರೆದುಕೋ. ಅದೂ ಪೂರಾ ದಾಖಲೆಯೇ. ಖಾತ್ರಿಯಿಲ್ಲದ ಹೆಸರು ಪಟ್ಟಿ ಸೇರಿದರೆ ಆಮೇಲೆ ಅದನ್ನು ಓದುವವರಿಗೆ ದಾರಿ ತಪ್ಪುತ್ತದೆ.

ಅಂದಹಾಗೆ, ಈ ಸೈಕ್ಸ್ ನಮ್ಮ ಕಡೆಯ ಹಕ್ಕಿಗಳನ್ನೇ ನೋಡಿ ಬರೆದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್. 1832ರಲ್ಲಿ ದಖ್ಖನ್ನಿನ ಹಕ್ಕಿಗಳ ಪಟ್ಟಿ ಪ್ರಕಟಿಸಿದವನು. ಈ ವಾರ್ಬ್ಲರ್‌ಗೆ ಅವನಿಟ್ಟ ಶಾಸ್ತ್ರೀಯ ಹೆಸರಿನಲ್ಲಿ 'ರಾಮ' ಅಂತಿದೆ. ದುರ್ಬೀನು ಹಾಕಿಕೊಂಡು ಇಲ್ಲಿನ ಕುರುಚಲಲ್ಲಿ ನಿಂತಾಗ ನನಗೆ ಇದು ಎಷ್ಟೋ ಸಲ ನೆನಪಾಗುತ್ತದೆ.

ನಾಳೆ ಬೆಳಿಗ್ಗೆ ಅದೇ ಜಾಲಿ ಗಿಡದ ಹತ್ತಿರ ಹೋಗು. ಈ ಹಕ್ಕಿಗಳು ಅದೇ ಜಾಗದಲ್ಲಿ ಮತ್ತೆ ಸಿಗುವುದುಂಟು. ಕ್ಯಾಮೆರಾ ಚೀಲದಲ್ಲಿರಲಿ, ಮೊದಲು ಮೊಬೈಲ್‌ನಲ್ಲಿ ಕೂಗು ರೆಕಾರ್ಡ್ ಮಾಡು. ಅದು ನೆಲಕ್ಕೆ ಇಳಿಯುತ್ತದೋ, ಮೇಲೇ ಇರುತ್ತದೋ ನೋಡಿ ಬರೆದುಕೋ. ಕೊಕ್ಕಿನ ಫೋಟೋ ನೆರಳಲ್ಲಿ ಬಂದರೆ ಇನ್ನೂ ಒಳ್ಳೆಯದು. ಎಲ್ಲ ಕಳಿಸು, ಕೂತು ನೋಡೋಣ. ಡಿಸೆಂಬರ್ ರಜೆಗೆ ಬಂದರೆ ಸಿಂಹಗಡದ ಕಣಿವೆಗೆ ಕರೆದುಕೊಂಡು ಹೋಗುತ್ತೇನೆ. ರಾತ್ರಿ ರೈಲು ಹಿಡಿದು ಬಾ.

ನಿನ್ನ,
ಶ್ರೀಧರ
ಪುಣೆ