ಗಂಗೂಬಾಯಿ ಅವರ ಭಾವಚಿತ್ರ ಮುಗಿಯಿತು, ಇಷ್ಟು ಜನಕ್ಕೆ ಧನ್ಯವಾದ

ಗಂಗೂಬಾಯಿ ಹಾನಗಲ್ ಅವರ ಭಾವಚಿತ್ರ ಕೊನೆಗೂ ಮುಗಿಯಿತು. ಅಕ್ರಿಲಿಕ್‌ನಲ್ಲಿ, ಪೂರ್ತಿ ಚುಕ್ಕಿಗಳಲ್ಲೇ. ಕೆಳಗೆ ನನ್ನೊಬ್ಬಳ ಸಹಿ ಇದೆ. ಆದರೆ ಇದು ಒಬ್ಬರಿಂದ ಆಗುವ ಕೆಲಸವೇ ಅಲ್ಲ.

ಯಾಕೆಂದರೆ ಚುಕ್ಕಿ ಇಡುವವರಿಗೆ ಮುಖ ಕಾಣುವುದಿಲ್ಲ. ಅಷ್ಟು ಹತ್ತಿರದಿಂದ ಕಾಣುವುದು ಕಿತ್ತಳೆ, ನೀಲಿ, ಹಸಿರು, ಹಳದಿ ಅಷ್ಟೇ. ಅವೆಲ್ಲ ಬೆರೆತು ಕೆನ್ನೆಯಾಗುವುದು ದೂರ ನಿಂತವರ ಕಣ್ಣಲ್ಲಿ. ಹಾಗೆ ನಿಂತು ನೋಡಿದವಳು ನನ್ನ ತಂಗಿ. ಕೆಲಸದಿಂದ ಸುಸ್ತಾಗಿ ಬಂದರೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಅಕ್ಕಾ, ಗದ್ದದ ಕೆಳಗ ಬೂದಿ ಬಳದಂಗ ಕಾಣತೈತಿ" ಅನ್ನುತ್ತಿದ್ದಳು. ನೀಲಿ ಮತ್ತು ಕಿತ್ತಳೆ ಒಂದಕ್ಕೊಂದು ಎದುರು ಬಣ್ಣಗಳು. ಅವುಗಳ ಸಣ್ಣ ಚುಕ್ಕಿಗಳು ಸಮಸಮ ಬಿದ್ದರೆ ದೂರಕ್ಕೆ ಬೂದಿಯಾಗಿಬಿಡುತ್ತವೆ. ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತದೆ, ಮೇಲೆ ಇನ್ನಷ್ಟು ಕಿತ್ತಳೆ ಇಡಬಹುದು. ಅವಳು "ಹೂಂ, ಈಗ ಸರಿ ಆತು" ಅನ್ನುವ ತನಕ ಇಡುತ್ತಿದ್ದೆ.

ನಮ್ಮ ಡ್ರಾಯಿಂಗ್ ಸರ್ ಕಪ್ಪು ಬಣ್ಣ ಮುಟ್ಟಲು ಬಿಡಲಿಲ್ಲ. ಕತ್ತಿನ ನೆರಳನ್ನು ನೀಲಿ, ನೇರಳೆಯಲ್ಲೇ ಕಟ್ಟಿಸಿದರು. ಆಗ ಶೆವ್ರಲ್ ಕಥೆ ಹೇಳಿದ್ದರು. ಆತ ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂತು. ಹುಡುಕಿದರೆ ಬಣ್ಣದಲ್ಲಿ ಏನೂ ಕೊರತೆ ಇರಲಿಲ್ಲ, ಪಕ್ಕದ ನೂಲಿನ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು! 1839ರಲ್ಲಿ ಆತ ಬಣ್ಣಗಳ ಬಗ್ಗೆ ಬರೆದ ಪುಸ್ತಕದಿಂದಲೇ, ಹೀಗೆ ಚುಕ್ಕಿಗಳಲ್ಲಿ ಚಿತ್ರ ಬರೆದ ಫ್ರೆಂಚ್ ಕಲಾವಿದ ಜಾರ್ಜ್ ಸೂರಾ ಮುಂದೆ ಎಷ್ಟೋ ಕಲಿತ. ಸರ್, ಅವತ್ತಿನಿಂದ ನಾನು ಯಾವ ಚುಕ್ಕಿಯನ್ನೂ ಒಂಟಿಯಾಗಿ ನೋಡಿಲ್ಲ.

ತಟ್ಟೆಯಲ್ಲಿನ ಬಣ್ಣ ಒಣಗದ ಹಾಗೆ ಅದರ ಕೆಳಗಿನ ಬಟ್ಟೆಗೆ ಆಗಾಗ ನೀರು ಚಿಮುಕಿಸಿದ್ದು ಅಮ್ಮ. ನಾನು ಕೇಳಿಯೇ ಇರಲಿಲ್ಲ.

ಪಕ್ಕದ ಮನೆ ಅಜ್ಜಿ ಗಂಗೂಬಾಯಿ ಅವರ ಹಾಡನ್ನು ಎದುರು ಕೂತು ಕೇಳಿದವರು. "ತುಟಿ ಭಾಳ ಬಿಗಿ ಆತವ್ವಾ" ಅಂದರು. ಫೋಟೋದಲ್ಲಿ ಹಾಗೇ ಇತ್ತು, ಆದರೂ ನಾನು ನಂಬಿದ್ದು ಅಜ್ಜಿಯನ್ನು. ಮೂಗುತಿಯ ಹೊಳಪಿಗೆ ಒಂದೇ ಒಂದು ಬಿಳಿ ಚುಕ್ಕಿ ಬಾಕಿ ಇತ್ತು. ಅದನ್ನು ಅವರ ಕೈಯಿಂದಲೇ ಇಡಿಸಿದೆ.

ನಡುವೆ ಮಣಿಕಟ್ಟು ನೋವು ಜಾಸ್ತಿಯಾಗಿ ಬ್ರಷ್ ಹಿಡಿಯಲೇ ಆಗದ ದಿನಗಳಿದ್ದವು. ಚಿತ್ರ ಅಲ್ಲಿಗೇ ನಿಂತಿತು ಅಂದುಕೊಂಡು ಅತ್ತಿದ್ದೇನೆ. ಫಿಸಿಯೋಥೆರಪಿ ಮಾಡಿದ ಮೇಡಂ "ಬಿಟ್ಟುಬಿಡಿ" ಅನ್ನಲಿಲ್ಲ. ಬ್ರಷ್ಷಿಗೆ ಬಟ್ಟೆ ಸುತ್ತಿ ಹಿಡಿ ದಪ್ಪ ಮಾಡಿಕೊಟ್ಟರು. ಈಸೆಲ್ ಎತ್ತರ ಬದಲಿಸಲು ಹೇಳಿದರು. ಭಾನುವಾರ ಚಿತ್ರ ನೋಡಲು ಬರುತ್ತಾರಂತೆ. ಮೇಡಂ, ಖಂಡಿತ ಬನ್ನಿ.